ತಮಿಳಿಗೆ ಒಂದು, ಇಂಗ್ಲಿಷಿಗೆ ಎರಡು, ನಮಗೆ ಯಾವ ಗುಂಡಿ?

ಸ್ಮರಣ ಸಂಚಿಕೆಯ ಸಂಪಾದಕ ಮಿತ್ರರು ನಮ್ಮ ಮನೆಗೆ ಬಂದು, "ಮೇಷ್ಟ್ರೇ, ತಮ್ಮ ಸೇವಾಕಾಲದ ಸವಿನೆನಪುಗಳನ್ನು ನಾಲ್ಕು ಪುಟಗಳಲ್ಲಿ ಬರೆದುಕೊಡಬೇಕು" ಎಂದು ಕೇಳಿದರು. ಸವಿನೆನಪುಗಳು ಇಲ್ಲವೆಂದಲ್ಲ. ಆದರೆ ಎಪ್ಪತ್ತು ದಾಟಿದವರೆಲ್ಲ ಸವಿನೆನಪುಗಳನ್ನೇ ಬರೆಯುತ್ತ ಕುಳಿತರೆ ಈ ಹೊತ್ತಿನ ಕಹಿಯನ್ನು ಬರೆಯುವವರು ಯಾರು? ಆದ್ದರಿಂದ ಈ ಸಲ ಒಂದು ಜಗಳವನ್ನೇ ಬರೆದುಕೊಡಲು ನಿಶ್ಚಯಿಸಿದೆವು. ಜಗಳ ನೆರೆಹೊರೆಯವರೊಡನೆ ಅಲ್ಲ. ಯಂತ್ರಗಳೊಡನೆ, ದೂರದರ್ಶನದ ಪೆಟ್ಟಿಗೆಯೊಡನೆ, ಎರಡೂ ರಾಜ್ಯಗಳ ರಾಜಕಾರಣದೊಡನೆ, ಕಟ್ಟಕಡೆಗೆ ನಮ್ಮೊಡನೆ ನಮ್ಮದೇ. ಹಬ್ಬದ ಎಲೆಯಲ್ಲಿ ಹಾಗಲಕಾಯಿ ಬಡಿಸಿದರೆಂದು ಓದುಗ ಬಂಧುಗಳು ಮುನಿಯಬಾರದೆಂದು ಪ್ರಾರ್ಥನೆ.

ಮೊದಲು ಹಣದ ಮಾತು. ಪ್ರತಿ ತಿಂಗಳು ನಿವೃತ್ತಿ ವೇತನ ಪಡೆಯಲು ನಮ್ಮ ಬಡಾವಣೆಯ ಎಟಿಎಂಗೆ ಹೋಗುತ್ತೇವೆ. ಕಾರ್ಡನ್ನು ತೂರಿಸಿದೊಡನೆ, ಭಾಷೆಯನ್ನು ಆರಿಸಿಕೊಳ್ಳಿರೆಂದು ಯಂತ್ರ ಕೇಳುತ್ತದೆ: ತಮಿಳು, ಇಂಗ್ಲಿಷ್, ಹಿಂದಿ. ಯಾವುದೋ ಒಂದನ್ನು ಒತ್ತಿ ಕಾದರೆ ನೋಟು ಹೊರಬರುತ್ತದೆ. ಆ ನೋಟನ್ನು ತಿರುಗಿಸಿ ನೋಡಿ. ಹಿಂಬದಿಯ ಭಾಷಾಪಟ್ಟಿಯಲ್ಲಿ 15 ಭಾಷೆಗಳಿವೆ. ಅಸ್ಸಾಮಿ, ಬಂಗಾಳಿ, ಗುಜರಾತಿಗಳಾದ ಮೇಲೆ ನಾಲ್ಕನೆಯ ಸಾಲಿನಲ್ಲಿ ನಮ್ಮ ಕನ್ನಡ, ಸ್ಫುಟವಾದ ಅಕ್ಷರಗಳಲ್ಲಿ. ನೋಟಿಗೆ ಕನ್ನಡ ಬರುತ್ತದೆ; ಅದನ್ನು ಎಣಿಸಿಕೊಡುವ ಯಂತ್ರಕ್ಕೆ ಬರುವುದಿಲ್ಲ. ಬರುವುದೇ ಇಲ್ಲವೆನ್ನುವುದೂ ಸರಿಯಲ್ಲ. ಅದೇ ಬ್ಯಾಂಕಿನ ಅದೇ ಬಗೆಯ ಯಂತ್ರ ಜೂಜುವಾಡಿಯ ಗಡಿ ದಾಟಿ ಅತ್ತಿಬೆಲೆಗೆ ಹೋದೊಡನೆ ಸೊಗಸಾಗಿ ಕನ್ನಡ ಮಾತನಾಡುತ್ತದೆ. ಅಂದಮೇಲೆ ಕೊರತೆ ಯಂತ್ರದ ವಿದ್ಯೆಯದಲ್ಲ. ಈ ಊರಿನಲ್ಲಿ ಇಂಥವರೇ ಇರುತ್ತಾರೆ, ಇಂಥವರು ಇರುವುದಿಲ್ಲ ಎಂದು ಎಲ್ಲೋ ಕುಳಿತವರೊಬ್ಬರು ತೀರ್ಮಾನಿಸಿದ್ದಾರೆ. ಯಂತ್ರ ಅದನ್ನು ಪಾಲಿಸುತ್ತಿದೆ.

"ತಮಿಳುನಾಡಿನಲ್ಲಿ ಇದ್ದುಕೊಂಡು ಕನ್ನಡದ ಗುಂಡಿಯನ್ನು ಕೇಳುವುದು ಅತಿಯಾಸೆಯಲ್ಲವೇ ಸಾರ್?" ಎಂದು ನಮ್ಮ ತಮಿಳು ಮಿತ್ರರೊಬ್ಬರು, ಅವರೂ ನಿವೃತ್ತ ಶಿಕ್ಷಕರೇ, ನಗುನಗುತ್ತ ಕೇಳಿದರು. ಪ್ರಶ್ನೆ ನ್ಯಾಯವಾದದ್ದು, ಉತ್ತರ ಕೊಡುವುದು ನಮ್ಮ ಹೊಣೆ. ನಮಗೆ ತಮಿಳು ಬರುತ್ತದೆ. ಸಂತೆಯಲ್ಲಿ, ಕಚೇರಿಯಲ್ಲಿ, ಬಸ್ಸಿನಲ್ಲಿ ತಮಿಳಿನಲ್ಲಿಯೇ ಬಾಳಿದ್ದೇವೆ. ತಿರುಕ್ಕುರಳನ್ನು ಮೂಲದಲ್ಲಿ ಓದಿ ಸುಖಪಟ್ಟಿದ್ದೇವೆ. ಅನ್ನವಿಟ್ಟ ನೆಲದ ನುಡಿಯನ್ನು ಹಗುರವಾಗಿ ಕಾಣುವ ಕೃತಘ್ನತೆ ನಮ್ಮದಲ್ಲ. ಆದರೆ ನಾವು ನಿನ್ನೆ ಮೊನ್ನೆ ಗಂಟುಮೂಟೆ ಕಟ್ಟಿಕೊಂಡು ಬಂದವರೂ ಅಲ್ಲ. ಇಂದಿನ ಧರ್ಮಪುರಿ ಹಿಂದೆ ತಗಡೂರಾಗಿತ್ತು. ಅದನ್ನಾಳಿದ ನೊಳಂಬರು ಇಲ್ಲಿ ಕನ್ನಡ ಶಾಸನಗಳನ್ನು ಬಿಟ್ಟುಹೋಗಿದ್ದಾರೆ. ಬಾರಾಮಹಲ್ ಸೀಮೆಯು 1792ರ ಶ್ರೀರಂಗಪಟ್ಟಣದ ಒಪ್ಪಂದದವರೆಗೆ ಮೈಸೂರಿಗೆ ಸೇರಿತ್ತು. ಸೇಲಂ ನಗರದ ಮಗ್ಗದ ಸದ್ದಿನ ನಡುವೆ ದೇವಾಂಗರ ಅನೇಕ ಮನೆಗಳಲ್ಲಿ ಇಂದಿಗೂ ಕೇಳುವುದು ಕನ್ನಡವೇ. 2011ರ ಜನಗಣತಿಯಂತೆ ಈ ರಾಜ್ಯದಲ್ಲಿ ಕನ್ನಡವನ್ನು ಮಾತೃಭಾಷೆಯೆಂದು ಬರೆಸಿದವರು ನೂರಕ್ಕೆ 1.78ರಷ್ಟು, ಎಂದರೆ 12 ಲಕ್ಷಕ್ಕೂ ಮಿಗಿಲು. ಈ ಸೀಮೆಯ ಹಳೆಯ ಕಲ್ಲುಗಳಲ್ಲಿ ಕನ್ನಡವೂ ಇದೆ, ತಮಿಳೂ ಇದೆ. ಒಂದನ್ನು ಕೆತ್ತಿದರೆ ಇನ್ನೊಂದಕ್ಕೆ ಎಡೆ ಇಲ್ಲವೆಂದು ಅಂದಿನ ಕಲ್ಲುಕುಟಿಗರು ಹೇಳಲಿಲ್ಲ. ಬೇಕಾದಷ್ಟು ಎಡೆಯಿರುವ ಗಾಜಿನ ಪರದೆಯ ಮೇಲೆ ಇನ್ನೊಂದು ಸಾಲು ಹಿಡಿಸದೆಂದರೆ ನಂಬುವುದು ಕಷ್ಟ.

ಇನ್ನು ಕಚೇರಿಯ ಮಾತು. ನಿವೃತ್ತರಾದವರು ವರ್ಷಕ್ಕೊಮ್ಮೆ ತಾವು ಬದುಕಿರುವುದನ್ನು ಸರ್ಕಾರಕ್ಕೆ ರುಜುವಾತುಪಡಿಸಬೇಕಷ್ಟೆ. ಹಿಂದೆ ಕಚೇರಿಗೆ ಹೋದರೆ ಗುಮಾಸ್ತರು ತಲೆಯೆತ್ತಿ ನೋಡಿ, "ಏನ್ ಸಾರ್, ಚೆನ್ನಾಗಿದ್ದೀರಾ?" ಎಂದು ತಮಿಳಿನಲ್ಲಿ ಕೇಳಿ, ಪುಸ್ತಕದಲ್ಲಿ ಗುರುತು ಹಾಕಿಕೊಳ್ಳುತ್ತಿದ್ದರು. ಬದುಕಿದ್ದೇವೆಂಬುದಕ್ಕೆ ಅಷ್ಟು ಸಾಕಾಗಿತ್ತು. ಈಗ ಬೆರಳಚ್ಚಿನ ಯಂತ್ರ ಬಂದಿದೆ. ಒಂದು ವರ್ಷ ನಮ್ಮ ಹತ್ತು ಬೆರಳುಗಳನ್ನೂ ಅದು ನಿರಾಕರಿಸಿತು. ಒರೆಸಿಕೊಂಡು ಬನ್ನಿ ಎಂದರು, ಒರೆಸಿದೆವು. ಎಣ್ಣೆ ಹಚ್ಚಿ ಬನ್ನಿ ಎಂದರು, ಹಚ್ಚಿದೆವು. 34 ವರ್ಷ ಸೀಮೆಸುಣ್ಣ ಹಿಡಿದ ಬೆರಳುಗಳಲ್ಲಿ ಗೆರೆಗಳು ಸವೆದಿದ್ದರೆ ಅದು ಯಾರ ತಪ್ಪು? ನಮ್ಮ ಹಿಂದೆ ನಿಂತಿದ್ದ ನೇಕಾರ ವೃದ್ಧರ ಪಾಡೂ ಅದೇ ಆಯಿತು. ನೂಲು ಎಳೆದ ಬೆರಳು, ಕಳೆ ಕಿತ್ತ ಬೆರಳು, ಪಾತ್ರೆ ಬೆಳಗಿದ ಬೆರಳು, ಎಲ್ಲವೂ ಈ ಯಂತ್ರದ ದೃಷ್ಟಿಯಲ್ಲಿ ಸತ್ತವರ ಬೆರಳುಗಳೇ. ದುಡಿಯದವನ ಬೆರಳನ್ನು ಮಾತ್ರ ಅದು ತಟ್ಟನೆ ಗುರುತಿಸುತ್ತದೆ. ಈಚೆಗೆ ಮುಖವನ್ನು ತೋರಿಸಿ ರುಜುವಾತುಪಡಿಸುವ ಸೌಲಭ್ಯ ಬಂದಿದೆಯೆಂಬುದನ್ನು ನ್ಯಾಯವಾಗಿ ಹೇಳಬೇಕು. ಆದರೆ ಅದಕ್ಕೆ ತಕ್ಕ ಫೋನು ಬೇಕು, ಆ ಫೋನಿಗೆ ಒಟಿಪಿ ಬರಬೇಕು, ಬಂದ ಒಟಿಪಿ ಆರುವ ಮೊದಲು ಕನ್ನಡಕ ಸಿಗಬೇಕು.

ಸಹಾಯಕ್ಕೆಂದು ದೂರವಾಣಿಯ ಗ್ರಾಹಕ ಸೇವೆಗೆ ಕರೆ ಮಾಡಿದರೆ, ತಮಿಳಿಗೆ ಒಂದನ್ನು ಒತ್ತಿ, ಇಂಗ್ಲಿಷಿಗೆ ಎರಡನ್ನು ಒತ್ತಿ ಎನ್ನುತ್ತದೆ ಒಂದು ಧ್ವನಿ. ಒತ್ತಿದ ಮೇಲೆ ಮತ್ತೊಂದು ಪಟ್ಟಿ, ಅದರೊಳಗೆ ಇನ್ನೊಂದು. ನಮಗೆ ಬೇಕಾದ ವಿಷಯ ಆ ಪಟ್ಟಿಗಳಲ್ಲಿ ಎಲ್ಲಿಯೂ ಇರುವುದಿಲ್ಲ. ಮನುಷ್ಯರೊಡನೆ ಮಾತನಾಡಲು ಒಂಬತ್ತನ್ನು ಒತ್ತಿದರೆ ಸಂಗೀತ ಕೇಳಿಸುತ್ತದೆ. ಒಮ್ಮೆ 20 ನಿಮಿಷ ಆ ಸಂಗೀತವನ್ನು ಆಲಿಸಿದೆವು. ರಾಗ ಯಾವುದೆಂದು ಮಾತ್ರ ತಿಳಿಯಲಿಲ್ಲ.

ನಗೆಯ ಮಾತು ಹಾಗಿರಲಿ. ಇದರೊಳಗೆ ಅಡಗಿರುವ ಅಪಾಯವನ್ನು ಬಂಧುಗಳು ಗಮನಿಸಬೇಕು. ನಮ್ಮ ಸಂವಿಧಾನದ 350ನೆಯ ವಿಧಿಯಂತೆ ಯಾವನೇ ವ್ಯಕ್ತಿ ತನ್ನ ಕುಂದುಕೊರತೆಯ ಅಹವಾಲನ್ನು ಒಕ್ಕೂಟದ ಅಥವಾ ರಾಜ್ಯದ ಯಾವ ಅಧಿಕಾರಿಗೇ ಆಗಲಿ, ಅಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಿಯಾದರೂ ಸಲ್ಲಿಸಬಹುದು. 1956ರ ಏಳನೆಯ ತಿದ್ದುಪಡಿಯು ಅದಕ್ಕೆ 350ಎ, 350ಬಿ ಎಂಬ ಎರಡು ವಿಧಿಗಳನ್ನು ಸೇರಿಸಿ, ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಕಲ್ಪಿಸಬೇಕೆಂದೂ, ಭಾಷಾ ಅಲ್ಪಸಂಖ್ಯಾತರಿಗಾಗಿ ಒಬ್ಬ ವಿಶೇಷ ಅಧಿಕಾರಿ ಇರಬೇಕೆಂದೂ ವಿಧಿಸಿತು. ಈ ಹಕ್ಕುಗಳು ಕಾಗದದ ಕಾಲದಲ್ಲಿ ಹುಟ್ಟಿದವು. ಬಿಳಿಯ ಹಾಳೆಯ ಮೇಲೆ ನಾವು ಕನ್ನಡದಲ್ಲಿ ಬರೆದರೆ ಅಧಿಕಾರಿ ತೆಗೆದುಕೊಳ್ಳಲೇಬೇಕು. ಈಗ ಬಿಳಿಯ ಹಾಳೆಯೇ ಹೋಗಿ, ತುಂಬಬೇಕಾದ ಚೌಕಗಳಿರುವ ಪರದೆ ಬಂದಿದೆ. ಆ ಚೌಕಕ್ಕೆ ಯಾವ ಭಾಷೆ ಹಿಡಿಸುತ್ತದೆಂದು ಮೊದಲೇ ನಿಶ್ಚಯಿಸಲಾಗಿದೆ. ಸಂಸತ್ತು ನಮ್ಮ ಹಕ್ಕನ್ನು ರದ್ದು ಮಾಡಲಿಲ್ಲ, ನ್ಯಾಯಾಲಯ ತಳ್ಳಿಹಾಕಲಿಲ್ಲ. ಆದರೂ ಯಾರ ಸಹಿಯೂ ಇಲ್ಲದೆ ಅದು ಕರಗುತ್ತಿದೆ. ಆದೇಶ ಹೊರಡಿಸಿದ್ದರೆ ಪ್ರತಿಭಟಿಸಬಹುದಿತ್ತು. ಪಟ್ಟಿಯಲ್ಲಿ ಇಲ್ಲದಿರುವುದನ್ನು ಪ್ರತಿಭಟಿಸಲು ಯಾರ ಬಾಗಿಲಿಗೆ ಹೋಗುವುದು?

ಇದೇ ಮಾತು ದೂರದರ್ಶನಕ್ಕೂ ಸಲ್ಲುತ್ತದೆ. ನಮ್ಮ ಯೌವನದಲ್ಲಿ ಮನೆಯಲ್ಲಿದ್ದದ್ದು ಒಂದು ರೇಡಿಯೋ. ಸಂಜೆ ಅದರ ತಿರುಗುಣಿಯನ್ನು ಮೆಲ್ಲನೆ ತಿರುಗಿಸಿದರೆ 612 ಕಿಲೋಹರ್ಟ್ಸ್‌ನಲ್ಲಿ ಬೆಂಗಳೂರು ಆಕಾಶವಾಣಿ ಕೇಳಿಸುತ್ತಿತ್ತು. ಸ್ವಲ್ಪ ಆಚೆ ತಿರುಗಿಸಿದರೆ ತಮಿಳು ನಿಲಯ. ನೀನು ಯಾವ ರಾಜ್ಯದವನೆಂದು ಆ ತಿರುಗುಣಿ ನಮ್ಮನ್ನು ಕೇಳಲಿಲ್ಲ. ಗಡಿಯ ಬೇಲಿ ಗಾಳಿಗೆ ಇರಲಿಲ್ಲ. ಇಂದು ಗೋಡೆಯ ಮೇಲೆ ಆಳೆತ್ತರದ ಪರದೆಯಿದೆ, ಅದರ ಕೆಳಗೆ ಸೆಟ್ ಟಾಪ್ ಬಾಕ್ಸ್ ಇದೆ, ನೂರಾರು ವಾಹಿನಿಗಳಿವೆ. ಆದರೆ ಆ ಬಾಕ್ಸಿಗೆ ನಮ್ಮ ವಿಳಾಸ ಗೊತ್ತು. ವಿಳಾಸ ತಮಿಳುನಾಡಿನದಾದ್ದರಿಂದ ನಮಗೆ ಬೇಕಾದದ್ದು ಏನೆಂಬುದೂ ಅದಕ್ಕೆ ಗೊತ್ತಂತೆ.

2019ರ ಫೆಬ್ರುವರಿಯಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ ಹೊಸ ದರಪದ್ಧತಿ ಜಾರಿಗೆ ಬಂದಾಗ ನಾವು ನಿಜವಾಗಿಯೂ ಸಂತೋಷಪಟ್ಟೆವು. ನೂರು ವಾಹಿನಿಗಳ ಮೂಲ ಶುಲ್ಕ 130 ರೂಪಾಯಿ ಮತ್ತು ತೆರಿಗೆ. ಅದರ ಮೇಲೆ ವೀಕ್ಷಕ ತನಗೆ ಬೇಕಾದ ವಾಹಿನಿಯನ್ನು ತಾನೇ ಆರಿಸಿಕೊಂಡು ಅದಕ್ಕೆ ಮಾತ್ರ ಹಣ ಕೊಡಬಹುದು ಎಂದಿತ್ತು. ಒಂದು ಹಾಳೆಯಲ್ಲಿ ಕನ್ನಡ ವಾಹಿನಿಗಳ ಪಟ್ಟಿ ಮಾಡಿ ಕೇಬಲ್ ಹುಡುಗನ ಕೈಗೆ ಕೊಟ್ಟೆವು. ಅವನು ವಿನಯದಿಂದ ಓದಿ, "ಇಲ್ಲಿಗೆ ಬರುವುದು ಈ ಪ್ಯಾಕ್ ಮಾತ್ರ ಸಾರ್, ಬೇರೆ ಹಾಕಲು ಮೇಲಿನವರನ್ನು ಕೇಳಬೇಕು" ಎಂದನು. ಮೇಲಿನವರು ಯಾರೆಂದು ಅವನಿಗೂ ತಿಳಿಯದು. ಆರಿಸುವ ಹಕ್ಕು ನಮ್ಮದಾಯಿತು. ಆರಿಸಿದ್ದು ಮಾತ್ರ ಬರಲಿಲ್ಲ. ಮೂರಂಕಿಯ ಯಾವುದೋ ಮೂಲೆಯಲ್ಲಿ ದೂರದರ್ಶನದ ಚಂದನ ವಾಹಿನಿ ಸಿಕ್ಕಿದ್ದೇ ಪುಣ್ಯ. ಸರಿಯುತ್ತರಕ್ಕೆ ಪುಸ್ತಕವನ್ನೇ ಬಹುಮಾನವಾಗಿ ಕೊಡುವ 'ಥಟ್ ಅಂತ ಹೇಳಿ' ಕಾರ್ಯಕ್ರಮವನ್ನು ನೋಡುವಾಗ, ಶಾಲೆಯ ಬಹುಮಾನ ವಿತರಣೆಯ ದಿನ ಪುಸ್ತಕಗಳಿಗೆ ಬಣ್ಣದ ಕಾಗದ ಸುತ್ತಿದ ನೆನಪಾಗುತ್ತದೆ.

ಮುಂದೆ ಹೇಗೋ ಕೆಲವು ಸುದ್ದಿವಾಹಿನಿಗಳೂ ಬಂದವು. ಬಂದ ಮೇಲೆ, ಬಾರದಿದ್ದರೇ ಒಳ್ಳೆಯದಿತ್ತು ಎನ್ನಿಸಿದ ದಿನಗಳುಂಟು. ಒಬ್ಬರ ಮಾತು ಮುಗಿಯುವ ಮೊದಲೇ ನಾಲ್ವರು ಕೂಗುತ್ತಾರೆ. ನಮ್ಮ ತರಗತಿಯಲ್ಲಿ ಹೀಗಾಗಿದ್ದರೆ ನಾಲ್ವರನ್ನೂ ಹೊರಗೆ ನಿಲ್ಲಿಸುತ್ತಿದ್ದೆವು. ಇಲ್ಲಿ ಅವರನ್ನೇ ಮರುದಿನವೂ ಕರೆಯುತ್ತಾರೆ. ಇದರಲ್ಲಿ ತಮಿಳು ವಾಹಿನಿ, ಕನ್ನಡ ವಾಹಿನಿ ಎಂಬ ಭೇದವಿಲ್ಲ. ಕಾವೇರಿಯ ಮಾತು ಬಂದರಂತೂ ಒಂದು ಪರದೆಯಲ್ಲಿ ನಾವು ನೀರು ಕದಿಯುವವರು, ಇನ್ನೊಂದರಲ್ಲಿ ನೀರು ಕಸಿಯುವವರು. ಎರಡನ್ನೂ ಒಂದೇ ಮನೆಯಲ್ಲಿ ಕುಳಿತು ನೋಡುವ ಭಾಗ್ಯ ಗಡಿನಾಡಿನವರಿಗಷ್ಟೇ ಉಂಟು.

2016ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನಲ್ಲಿ ತಮಿಳುನಾಡಿನ ಬಸ್ಸುಗಳು ಸಾಲಾಗಿ ಉರಿದವು; ಚೆನ್ನೈಯಲ್ಲಿ ಕನ್ನಡಿಗರ ಹೋಟೆಲಿನ ಮೇಲೆ ಕಲ್ಲು ಬಿತ್ತು. ಬಸ್ಸು ನಿಂತದ್ದರಿಂದ ಅತ್ತಿಬೆಲೆಗೂ ಜೂಜುವಾಡಿಗೂ ನಡುವೆ ಜನ ಗಂಟು ಹೊತ್ತು, ಕೂಸನ್ನು ಕಂಕುಳಲ್ಲಿಟ್ಟುಕೊಂಡು ನಡೆದರು. ಅವರಲ್ಲಿ ತಮಿಳರೆಷ್ಟು, ಕನ್ನಡಿಗರೆಷ್ಟು ಎಂದು ಯಾವ ವಾಹಿನಿಯೂ ಲೆಕ್ಕ ಹಾಕಲಿಲ್ಲ. ಹಾಕಿದ್ದರೆ ಲೆಕ್ಕ ತಪ್ಪುತ್ತಿತ್ತು, ಏಕೆಂದರೆ ಅವರಲ್ಲಿ ಅನೇಕರು ಎರಡನ್ನೂ ಆಡುವವರು. 2018ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟು ಬಿಳಿಗುಂಡ್ಲುವಿನಲ್ಲಿ 177.25 ಟಿಎಂಸಿ ನೀರು ಹರಿಸಬೇಕೆಂದು ತೀರ್ಪಿತ್ತಿತು. ಆ ಬಿಳಿಗುಂಡ್ಲು ಹೊಗೇನಕಲ್ಲಿನ ಮೇಲ್ಗಡೆ, ನಮ್ಮ ಸೀಮೆಯಲ್ಲೇ ಇದೆ. ನೀರನ್ನು ಅಳೆಯುವ ಕೋಲು ನಿಂತಿರುವುದೇ ನಮ್ಮ ಅಂಗಳದಲ್ಲಿ. ಆದರೂ ಆ ನೀರಿನ ಜಗಳದ ಚರ್ಚೆಗೆ ಗಡಿನಾಡಿನ ಒಬ್ಬ ರೈತನನ್ನಾದರೂ ಕರೆದು ಕೂರಿಸಿದ್ದನ್ನು ನಾವು ಕಾಣೆವು.

ರಾಜಕಾರಣಿಗಳ ವಿಷಯದಲ್ಲಿ ನಮ್ಮ ತಕರಾರು ಯಾವ ಒಂದು ಪಕ್ಷದ ಮೇಲೂ ಅಲ್ಲ. ಅಲಸೂರಿನಲ್ಲಿ ತಿರುವಳ್ಳುವರ್ ಪ್ರತಿಮೆಗೆ 1991ರಿಂದ 18 ವರ್ಷ ಮುಸುಕು ಹಾಕಿ ನಿಲ್ಲಿಸಿದ್ದರು. ನೀತಿಯನ್ನು ಹೇಳಿದ ಕವಿ ಅಷ್ಟು ವರ್ಷ ಉಸಿರು ಕಟ್ಟಿಕೊಂಡು ನಿಂತಿದ್ದನು. 2009ರ ಆಗಸ್ಟ್ 9ರಂದು ಅಲ್ಲಿ ಆ ಪ್ರತಿಮೆಯೂ, 13ರಂದು ಚೆನ್ನೈಯ ಅಯನಾವರಂನಲ್ಲಿ ಸರ್ವಜ್ಞನ ಪ್ರತಿಮೆಯೂ ಅನಾವರಣಗೊಂಡವು. ಇಬ್ಬರು ಮುಖ್ಯಮಂತ್ರಿಗಳು ಒಂದೇ ವೇದಿಕೆಯಲ್ಲಿ ನಿಂತರು. ಆಕಾಶ ಕಳಚಿ ಬೀಳಲಿಲ್ಲ. ನಾಲ್ಕು ದಿನಗಳಲ್ಲಿ ಆಗುವ ಕೆಲಸಕ್ಕೆ 18 ವರ್ಷ ಬೇಕಾಯಿತೆಂದರೆ, ಮುಸುಕು ಹಾಕಿದ್ದು ಪ್ರತಿಮೆಗೋ ವಿವೇಕಕ್ಕೋ ಎಂದು ಕೇಳಬೇಕಾಗುತ್ತದೆ.

ಈ ಕಡೆಯ ರಾಜಕಾರಣ 2006ರಲ್ಲಿ ತಮಿಳು ಕಲಿಕೆಯ ಕಾಯಿದೆಯನ್ನು ತಂದು, ಒಂದನೆಯ ತರಗತಿಯಿಂದ ಆರಂಭಿಸಿ ವರ್ಷಕ್ಕೊಂದು ತರಗತಿಯಂತೆ ಏರಿ, 2015-16ರ ಹೊತ್ತಿಗೆ ಹತ್ತನೆಯ ತರಗತಿಯನ್ನು ಮುಟ್ಟಿತು. ಮಕ್ಕಳು ತಮಿಳು ಕಲಿಯಲಿ; ಕಲಿಯಲೇಬೇಕು. ಕಲಿಸುವುದಕ್ಕೆ ಕನ್ನಡ ಬಲ್ಲ ತಮಿಳು ಶಿಕ್ಷಕರನ್ನು ಮೊದಲು ಕೊಟ್ಟು, ಅನಂತರ ಪರೀಕ್ಷೆ ಇಡಬೇಕಿತ್ತು. ಅದಾಗದ್ದರಿಂದ ಕನ್ನಡ, ತೆಲುಗು, ಉರ್ದು ಮಕ್ಕಳು ಪರೀಕ್ಷೆ ಬರೆಯುವ ಮುನ್ನ ನ್ಯಾಯಾಲಯದ ವಿನಾಯಿತಿಗಾಗಿ ಕಾಯಬೇಕಾಯಿತು. 2023ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟಿನಿಂದಲೂ ಮತ್ತೊಂದು ವರ್ಷದ ವಿನಾಯಿತಿ ಬಂದಿತು. ಹದಿನೈದು ವರ್ಷದ ಹುಡುಗಿ ವ್ಯಾಕರಣ ಓದುವ ದಿನಗಳಲ್ಲಿ ವಕೀಲರ ಸುದ್ದಿಗೆ ಕಿವಿಗೊಟ್ಟು ಕುಳಿತಿರಬೇಕೇ? ಆ ಕಡೆಯ ರಾಜಕಾರಣಕ್ಕಾದರೋ ಗಡಿನಾಡ ಕನ್ನಡಿಗರ ನೆನಪು ನವೆಂಬರ್ ಒಂದರಂದು ಬಂದು, ಎರಡರಂದು ಹೋಗುತ್ತದೆ. ಅಲ್ಲಿಯ ತಮಿಳು ಶಾಲೆಯ ಮಗುವಿಗೂ ಇದೇ ಪಾಡಾದರೆ ನಾವು ಮೌನವಾಗಿರಲು ಸಾಧ್ಯವಿಲ್ಲ. ಇಲ್ಲಿ ಬೇಡುವ ನ್ಯಾಯವನ್ನು ಅಲ್ಲಿ ನಿರಾಕರಿಸುವವನಿಗೆ ಬೇಡುವ ಅರ್ಹತೆಯೇ ಇರುವುದಿಲ್ಲ.

ಇಷ್ಟು ಹೊತ್ತು ಬೆರಳನ್ನು ಹೊರಗೆ ತೋರಿಸಿದೆವು. ಇನ್ನು ಒಳಗೆ ತಿರುಗಿಸದಿದ್ದರೆ ಅಪ್ರಾಮಾಣಿಕತೆಯಾದೀತು.

ಯಂತ್ರಕ್ಕೆ ಕನ್ನಡ ಬಾರದೆನ್ನುವ ಕಾಲ ಎಂದೋ ಮುಗಿದಿದೆ. ಕೆ. ಪಿ. ರಾವ್ ಅವರಂಥವರು ಕನ್ನಡಕ್ಕೆ ಕೀಲಿಮಣೆಯ ವಿನ್ಯಾಸವನ್ನು ರೂಪಿಸಿಕೊಟ್ಟರು. ಬರಹ, ನುಡಿ ತಂತ್ರಾಂಶಗಳು ಬಂದವು. ಯೂನಿಕೋಡಿನಲ್ಲಿ ಕನ್ನಡ ಮೊದಲ ಆವೃತ್ತಿಯಿಂದಲೇ ಇದೆ. ನಮ್ಮ ಕೈಯಲ್ಲಿರುವ ಫೋನು ನಾವಾಡಿದ ಕನ್ನಡವನ್ನು ಕೇಳಿಸಿಕೊಂಡು ತಾನೇ ಬರೆಯುತ್ತದೆ. ಆದರೆ ಈ ಸಭೆಯಲ್ಲಿ ಕುಳಿತವರಲ್ಲಿ ಎಷ್ಟು ಮಂದಿಯ ಫೋನು ಕನ್ನಡದಲ್ಲಿದೆ? ನಮ್ಮದೇ ಬಳಗದ ವಾಟ್ಸಾಪ್ ಗುಂಪಿನಲ್ಲಿ ರಾಜ್ಯೋತ್ಸವದ ಶುಭಾಶಯವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವವರೇ ಹೆಚ್ಚು. ಕನ್ನಡವನ್ನು ಯಾರೂ ಒತ್ತದಿದ್ದರೆ, ಒತ್ತುವವರೇ ಇಲ್ಲವೆಂದು ಯಂತ್ರ ಲೆಕ್ಕ ಬರೆದುಕೊಳ್ಳುತ್ತದೆ. ನಾಳೆ ಗುಂಡಿ ಕೊಡಿರೆಂದು ಕೇಳಿದರೆ ಆ ಲೆಕ್ಕವನ್ನೇ ತೆಗೆದು ತೋರಿಸುವರು.

ಅದಕ್ಕಿಂತ ದೊಡ್ಡ ತಪ್ಪೊಂದುಂಟು. ಅದು ನಮ್ಮ ಮನೆಯದು. ಧರ್ಮಪುರಿ ಜಿಲ್ಲೆಯಿಂದ ಕೃಷ್ಣಗಿರಿ ಇನ್ನೂ ಬೇರೆಯಾಗದಿದ್ದ ದಿನಗಳಲ್ಲಿ, 2004ಕ್ಕೆ ಮೊದಲು, ಹಳ್ಳಿಹಳ್ಳಿಯ ಮನೆಬಾಗಿಲಿಗೆ ಹೋಗಿ "ಮಗುವನ್ನು ಕನ್ನಡ ಶಾಲೆಗೆ ಕಳಿಸಿರಮ್ಮಾ" ಎಂದು ಬೇಡಿದವರು ನಾವು. ಅದೇ ವರ್ಷಗಳಲ್ಲಿ ನಮ್ಮ ಮಗನನ್ನು ಇಂಗ್ಲಿಷ್ ಮಾಧ್ಯಮದ ಶಾಲೆಗೆ ಸೇರಿಸಿದೆವು. ಊರಿನವರಿಗೆ ಒಂದು ನೀತಿ, ಹೆಡ್‌ಮಾಸ್ಟರ ಮಗನಿಗೆ ಇನ್ನೊಂದು. ಒಬ್ಬ ತಾಯಿ ಅದನ್ನು ನಮ್ಮ ಮುಖಕ್ಕೇ ಕೇಳಿದ್ದರು: "ನಿಮ್ಮ ಮಗ ಎಲ್ಲಿ ಓದ್ತಾನೆ ಸ್ವಾಮಿ?" ಉತ್ತರ ಹೇಳಲಾಗದೆ ಛತ್ರಿ ಬಿಡಿಸಿಕೊಂಡು ಮುಂದಿನ ಮನೆಗೆ ನಡೆದೆವು. ಶಾಲೆಗಳು ಬರಿದಾದದ್ದು ಕಾಯಿದೆಯಿಂದ ಮಾತ್ರವಲ್ಲ.

ಅದರ ಫಲ ಇಂದು ನಮ್ಮ ಮಡಿಲಿಗೇ ಬಂದಿದೆ. ಮಗನಿಗೆ ಕನ್ನಡ ಮಾತು ಬರುತ್ತದೆ, ಓದು ಬಾರದು. ಮೊಮ್ಮಗಳು ಎಟಿಎಂನ ಇಂಗ್ಲಿಷನ್ನು ಓದಿ ಹೇಳುತ್ತಾಳೆ, ಕಚೇರಿಯ ತಮಿಳನ್ನು ಓದಿ ಹೇಳುತ್ತಾಳೆ, ಒಟಿಪಿ ಆರುವ ಮೊದಲು ಒತ್ತಿಕೊಡುತ್ತಾಳೆ. ತಾತ ಬರೆದ ಈ ಲೇಖನವನ್ನು ಮಾತ್ರ ಅವಳು ಓದಲಾರಳು. ಸಂಚಿಕೆ ಮನೆಗೆ ಬಂದಾಗ ನಮ್ಮ ಭಾವಚಿತ್ರವನ್ನು ನೋಡಿ ಪುಟ ಮುಚ್ಚುವಳು. ಪಟ್ಟಿಯಲ್ಲಿ ಕನ್ನಡವಿಲ್ಲವೆಂದು ಬ್ಯಾಂಕಿನ ಯಂತ್ರವನ್ನು ಬಯ್ದವರ ಮನೆಯ ಪಟ್ಟಿಯಲ್ಲಿಯೇ ಅದು ಇರಲಿಲ್ಲ.

ಆದ್ದರಿಂದ ಸಮ್ಮೇಳನದ ನಿರ್ಣಯಗಳ ಜೊತೆಗೆ ನಾವು ನಾಲ್ಕನ್ನು ಸೂಚಿಸಬಯಸುತ್ತೇವೆ. ಒಂದು, ಸದಸ್ಯರೆಲ್ಲರೂ ಮನೆಗೆ ಹೋಗುವ ಮೊದಲು, ಇಲ್ಲಿರುವ ಯುವಕರ ಸಹಾಯದಿಂದ ಫೋನಿನ ಭಾಷೆಯನ್ನು ಕನ್ನಡಕ್ಕೆ ಬದಲಾಯಿಸಿಕೊಂಡು, ಬಳಗದ ಗುಂಪಿನಲ್ಲಿ ಕನ್ನಡ ಲಿಪಿಯಲ್ಲಿಯೇ ಬರೆಯತಕ್ಕದ್ದು. ಎರಡು, ಬ್ಯಾಂಕಿಗೆ, ಕೇಬಲ್ ಸಂಸ್ಥೆಗೆ, ಜಿಲ್ಲಾಧಿಕಾರಿಗಳಿಗೆ, ಭಾಷಾ ಅಲ್ಪಸಂಖ್ಯಾತರ ಆಯುಕ್ತರಿಗೆ ವರ್ಷಕ್ಕೊಂದು ಮನವಿಯನ್ನು, ಸಾಧ್ಯವಾದಷ್ಟು ಸಹಿಗಳೊಡನೆ, ಕನ್ನಡದಲ್ಲಿಯೇ ಬರೆದು, ತಮಿಳು ಅನುವಾದವನ್ನು ಸೌಜನ್ಯಕ್ಕಾಗಿ ಲಗತ್ತಿಸಿ ಕಳುಹಿಸತಕ್ಕದ್ದು. 350ನೆಯ ವಿಧಿಯನ್ನು ಬಳಸದೆ ಬಿಟ್ಟರೆ ಅದು ನಮ್ಮ ಬೆರಳ ಗೆರೆಯಂತೆಯೇ ಸವೆಯುವುದು. ಮೂರು, ಕಾವೇರಿಯ ಹೆಸರಿನಲ್ಲಿ ವಾಹಿನಿಗಳು ಕೂಗತೊಡಗಿದ ದಿನ ಪೆಟ್ಟಿಗೆಯನ್ನು ಆರಿಸಿ ಪಕ್ಕದ ತಮಿಳರ ಮನೆಗೆ ಹೋಗಿ ಒಂದು ಲೋಟ ಕಾಫಿ ಕುಡಿಯತಕ್ಕದ್ದು. ಆ ದಿನ ಬಂದ ವಿಡಿಯೋಗಳನ್ನು ಇನ್ನೊಬ್ಬರಿಗೆ ದಾಟಿಸಕೂಡದು. ನಾಲ್ಕು, ಪ್ರತಿಯೊಬ್ಬ ಹಿರಿಯರೂ ವರ್ಷಕ್ಕೆ ಒಂದೇ ಒಂದು ಮಗುವಿಗೆ ಅಕ್ಷರ ಕಲಿಸತಕ್ಕದ್ದು.

ನಾಲ್ಕನೆಯದನ್ನು ನಮ್ಮ ಮನೆಯಲ್ಲಿ ಆರಂಭಿಸಿದ್ದೇವೆ. ಮೊಮ್ಮಗಳೊಡನೆ ಒಂದು ಕರಾರಾಗಿದೆ: ಅರ್ಧ ಗಂಟೆ ಅವಳು ನಮಗೆ ಫೋನು ಕಲಿಸುವುದು, ಅರ್ಧ ಗಂಟೆ ನಾವು ಅವಳಿಗೆ ಅಕ್ಷರ ಕಲಿಸುವುದು. ಕಾಗುಣಿತ ಮುಗಿದು ಒತ್ತಕ್ಷರಕ್ಕೆ ಬಂದಿದ್ದೇವೆ. "ಒಂದು ಅಕ್ಷರದ ಕಾಲಿಗೆ ಇನ್ನೊಂದು ಏಕೆ ತಾತ?" ಎಂದು ಅವಳು ಕೇಳುತ್ತಾಳೆ, "ಒಂದು ಗುಂಡಿಗೆ ಮೂರು ಸಲ ಏಕಮ್ಮ?" ಎಂದು ನಾವು ಕೇಳುತ್ತೇವೆ. ಇಬ್ಬರೂ ಮಂದ ವಿದ್ಯಾರ್ಥಿಗಳೇ. ಆದರೂ ಮುಂದಿನ ಸಮ್ಮೇಳನದ ಸಂಚಿಕೆ ಬರುವಷ್ಟರಲ್ಲಿ ಅವಳು ಈ ಪುಟವನ್ನು ತಾನೇ ಓದಿ, "ನನ್ನ ವಿಷಯ ಯಾಕೆ ಬರೆದಿರಿ ತಾತ?" ಎಂದು ನಮ್ಮೊಡನೆ ಜಗಳವಾಡಬೇಕೆಂಬುದು ನಮ್ಮ ಆಸೆ. ಆ ಜಗಳದಲ್ಲಿ ಸೋಲಲು ಈಗಲೇ ಸಿದ್ಧರಾಗಿದ್ದೇವೆ.